ಹಳೆಯ ಹೋಟೆಲಿನ ರುಚಿ ಯಾರ ನಾಲಿಗೆಗೆ?

ಇತ್ತೀಚೆಗೆ ನಮ್ಮ ಜಿಲ್ಲೆಯ ವಿದ್ಯಾವಂತ ಮಹನೀಯರಿಗೆ ಒಂದು ಹೊಸ ವ್ಯಥೆ ಅಂಟಿಕೊಂಡಿದೆ. ಹಳೆಯ ಹೋಟೆಲುಗಳು ಒಂದೊಂದಾಗಿ ಮುಚ್ಚುತ್ತಿವೆಯಂತೆ. ಹಾಸನದ ಬಸ್ ನಿಲ್ದಾಣದ ಮಗ್ಗುಲಿನ ಇಡ್ಲಿ ಸಾಂಬಾರು, ಹೊಳೆನರಸೀಪುರದ ಪೇಟೆ ಬೀದಿಯ ಖಾಲಿ ದೋಸೆ, ಅರಕಲಗೂಡಿನ ಸಂತೆ ದಿನದ ಅಕ್ಕಿರೊಟ್ಟಿ, ಚನ್ನರಾಯಪಟ್ಟಣದ ಹೆದ್ದಾರಿ ಪಕ್ಕದ ಕೇಸರಿಭಾತು, ಇವೆಲ್ಲ ಇನ್ನು ಸಿಗಲಾರವಂತೆ. ಬೆಂಗಳೂರಿನಲ್ಲಿ ಸಂಬಳ ಎಣಿಸಿ, ಹಬ್ಬಕ್ಕೊಮ್ಮೆ ಕಾರಿನಲ್ಲಿ ಊರಿಗೆ ಬಂದು, ಚಿಕ್ಕಂದಿನಲ್ಲಿ ಅಪ್ಪನ ಕೈ ಹಿಡಿದು ತಿಂದ ಮಸಾಲೆ ದೋಸೆಯನ್ನು ನೆನೆದು ನಿಟ್ಟುಸಿರು ಬಿಡುವುದು ಈಗ ಒಂದು ದೊಡ್ಡ ಸಂಸ್ಕೃತಿ ಸೇವೆಯೆನಿಸಿದೆ. ಕಲ್ಲಿನ ಹಾಸಿನ ಮೇಜು, ಹಿತ್ತಾಳೆಯ ಲೋಟ ಬಟ್ಟಲು, ಕರಿ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದ ಆ ದಿನದ ತಿಂಡಿಗಳ ಪಟ್ಟಿ, ಗಲ್ಲಾ ಪೆಟ್ಟಿಗೆಯ ಹಿಂದೆ ವಿಭೂತಿಯಿಟ್ಟ ಯಜಮಾನರು. ಎಲ್ಲವನ್ನೂ ನೆನಪಿಟ್ಟಿದ್ದಾರೆ. ಒಂದನ್ನು ಮಾತ್ರ ಮರೆತಿದ್ದಾರೆ. ಆ ಲೋಟಗಳನ್ನು ಹಿತ್ತಿಲಿನಲ್ಲಿ ತೊಳೆಯುತ್ತಿದ್ದವನ ಮುಖ ಯಾರಿಗೂ ನೆನಪಿಲ್ಲ.

ರುಚಿಯನ್ನು ನಾನು ಹಳಿಯುತ್ತಿಲ್ಲ. ರಾತ್ರಿ ಪಾಳಿ ಮುಗಿಸಿ ಬೆಳಗಿನ ಆರು ಗಂಟೆಗೆ ಗಿರಣಿಯಿಂದ ಹೊರಬೀಳುವ ಕಾರ್ಮಿಕನಿಗೆ ಬಿಸಿ ಇಡ್ಲಿಯ ಬೆಲೆ ಏನೆಂಬುದು ಪ್ರಬಂಧ ಬರೆಯುವವರಿಗಿಂತ ಚೆನ್ನಾಗಿ ಗೊತ್ತು. ಹೋಟೆಲು ಅವನಿಗೆ ಕೇವಲ ತಿನ್ನುವ ಸ್ಥಳವಲ್ಲ. ಬಾಡಿಗೆ ಕೋಣೆಯಲ್ಲಿ ಆರು ಜನ ಮಲಗುವವನಿಗೆ ಬೆನ್ನು ನೆಟ್ಟಗೆ ಮಾಡಿ ಕೂರಲು ಇರುವ ಒಂದೇ ಒಂದು ಬೆಂಚು ಅದು. ಸಂಘದ ಮಾತು ಆಡುವುದು ಅಲ್ಲಿ. ಒಂದು ಪತ್ರಿಕೆಯನ್ನು ಎಂಟು ಜನ ಓದುವುದು ಅಲ್ಲಿ. ಬೈಟೂ ಕಾಫಿ ಹೇಳಿ ಒಂದು ಗಂಟೆ ಕೂತರೂ ಎಬ್ಬಿಸದ ಯಜಮಾನರು ಇದ್ದರು, ಈಗಲೂ ಕೆಲವರಿದ್ದಾರೆ. ಆದುದರಿಂದ ಹಳೆಯ ಹೋಟೆಲು ಮುಚ್ಚಿದರೆ ನಷ್ಟ ನಮಗೇ ಹೆಚ್ಚು. ನಷ್ಟ ನಮ್ಮದಾಗಿರುವಾಗ ಅದರ ಲೆಕ್ಕವನ್ನೂ ನಾವೇ ಬರೆಯಬೇಕಲ್ಲದೆ, ನೆನಪು ಮಾರುವವರ ಕೈಗೆ ಬಿಡಬಾರದು.

ಲೆಕ್ಕದ ಮೊದಲ ಪುಟದಲ್ಲಿ ಬಾಗಿಲು ಇದೆ. ಹೋಟೆಲಿನ ಬಾಗಿಲು.

ಈ ನಾಡಿನಲ್ಲಿ ಹೋಟೆಲು ಹುಟ್ಟಿದ ಬಗೆಯನ್ನು ಅದರ ಹಳೆಯ ನಾಮಫಲಕಗಳೇ ಹೇಳುತ್ತವೆ. ಬೆಂಗಳೂರಿನಲ್ಲಿ ಇಂದು ಎಂ.ಟಿ.ಆರ್. ಎಂದು ಜಗತ್ತೆಲ್ಲ ಹೊಗಳುವ ಹೋಟೆಲು 1924ರಲ್ಲಿ ಆರಂಭವಾದಾಗ ಅದರ ಹೆಸರು ಬ್ರಾಹ್ಮಿನ್ ಕಾಫಿ ಕ್ಲಬ್. ನಮ್ಮ ಹಾಸನ ಸೀಮೆಯ ಅಯ್ಯಂಗಾರರು 1898ರಲ್ಲಿ ಚಿಕ್ಕಪೇಟೆಯಲ್ಲಿ ತೆರೆದ ಬಿ.ಬಿ. ಬೇಕರಿಯ ಎರಡು ಅಕ್ಷರಗಳಲ್ಲಿ ಒಂದು ಬೆಂಗಳೂರು, ಇನ್ನೊಂದು ಬ್ರಾಹ್ಮಣ. ಊರೂರಿನಲ್ಲೂ ಬ್ರಾಹ್ಮಣರ ಫಲಾಹಾರ ಮಂದಿರಗಳೇ. 1923ರಲ್ಲಿ ದಕ್ಷಿಣ ಕನ್ನಡದಲ್ಲಿ ಮಹಾ ನೆರೆ ಬಂದು ಹೊಲ ಮನೆ ಕೊಚ್ಚಿಹೋದಾಗ ಎಷ್ಟೋ ಬಡ ಕುಟುಂಬಗಳ ಹುಡುಗರು ಘಟ್ಟ ಹತ್ತಿ ಬಂದು ಒಲೆಯ ಮುಂದೆ ಕೂತರು. ಅವರೇನೂ ಶ್ರೀಮಂತರಲ್ಲ, ನಮ್ಮ ನಿಮ್ಮ ಹಾಗೆ ಹೊಟ್ಟೆಗೆ ಹುಟ್ಟೂರು ಬಿಟ್ಟವರು. ಅವರ ಶ್ರಮಕ್ಕೆ ನಮಸ್ಕಾರ. ಆದರೆ ಅಡಿಗೆಯವನ ಜಾತಿಯನ್ನು ಹಲಗೆಯ ಮೇಲೆ ಬರೆದದ್ದು ರುಚಿಗಾಗಿ ಅಲ್ಲ. ಯಾರು ಒಳಗೆ ಬರಬಹುದು, ಯಾರು ಪ್ರತ್ಯೇಕ ಕೋಣೆಯಲ್ಲಿ ಕೂರಬೇಕು, ಯಾರು ಹಿತ್ತಿಲ ಕಿಟಕಿಯಲ್ಲಿ ತೆಂಗಿನ ಚಿಪ್ಪು ಚಾಚಬೇಕು ಎಂಬ ಕಾಯಿದೆಯನ್ನು ಸಾರುವುದಕ್ಕಾಗಿ. ಆ ಕಾಲದ ಹಿತ್ತಾಳೆ ಲೋಟವನ್ನು ನೆನೆದು ಕಣ್ಣೀರಿಡುವವರು ಆ ಚಿಪ್ಪನ್ನೂ ಒಮ್ಮೆ ನೆನೆಯಲಿ.

1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನದ 15ನೆಯ ವಿಧಿಯಲ್ಲಿ ಅಂಗಡಿ, ಹೋಟೆಲು, ಸಾರ್ವಜನಿಕ ಭೋಜನಶಾಲೆ ಎಂದು ಹೆಸರು ಹಿಡಿದು ಬರೆದು, ಜಾತಿಯ ಕಾರಣಕ್ಕೆ ಯಾರನ್ನೂ ತಡೆಯಕೂಡದೆಂದರು. 1955ರಲ್ಲಿ ಅಸ್ಪೃಶ್ಯತಾ ಅಪರಾಧಗಳ ಕಾನೂನು ಬಂತು. ಆದರೂ ಹಲಗೆ ಇಳಿಯಲಿಲ್ಲ. 1957ರಲ್ಲಿ ಮದ್ರಾಸಿನ ತಿರುವಲ್ಲಿಕ್ಕೇಣಿಯಲ್ಲಿ ಒಂದು ಹೋಟೆಲಿನ ಹೆಸರಿನಿಂದ ಬ್ರಾಹ್ಮಣ ಎಂಬ ಪದವನ್ನು ತೆಗೆಸಲು ಪೆರಿಯಾರರ ಕಡೆಯವರು ತಿಂಗಳುಗಟ್ಟಳೆ ಬಾಗಿಲಲ್ಲಿ ನಿಂತು ಜೈಲಿಗೆ ಹೋಗಬೇಕಾಯಿತು. ಒಂದು ಪದಕ್ಕೆ ಇಷ್ಟು ಜಗಳವೇ ಎಂದು ನಕ್ಕವರಿದ್ದರು. ಪದ ಕ್ಷುಲ್ಲಕವಾಗಿದ್ದರೆ ಅದನ್ನು ಅಳಿಸಲು ಅಷ್ಟು ಸಂಕಟವೇಕೆ ಬಂತು ಎಂದು ಅವರು ಕೇಳಿಕೊಳ್ಳಲಿಲ್ಲ.

ನಮ್ಮ ಪಕ್ಷದವರಿಗೆ ಈ ಬಾಗಿಲಿನ ವಿಷಯ ಹೊಸದಲ್ಲ. 1951ರಲ್ಲಿ ಕಾಗೋಡಿಗೆ ಬಂದು ಗೇಣಿದಾರರ ಸತ್ಯಾಗ್ರಹದಲ್ಲಿ ಬಂಧನಕ್ಕೊಳಗಾದ ಡಾ. ರಾಮಮನೋಹರ ಲೋಹಿಯಾ, 1964ರ ಮೇ ತಿಂಗಳಿನಲ್ಲಿ ಅಮೆರಿಕಕ್ಕೆ ಹೋಗಿದ್ದಾಗ ಮಿಸಿಸಿಪ್ಪಿ ಸಂಸ್ಥಾನದ ಜಾಕ್ಸನ್ ಪಟ್ಟಣದಲ್ಲಿ ಬಿಳಿಯರಿಗೆ ಮಾತ್ರ ಮೀಸಲಾಗಿದ್ದ ಒಂದು ಹೋಟೆಲಿಗೆ ಹೋದರು. ಲೋಕಸಭೆಯ ಸದಸ್ಯರು, ಮರ್ಯಾದೆಯಿಂದ ಸುಮ್ಮನಿದ್ದು ಬೇರೆಲ್ಲೋ ಊಟ ಮಾಡಬಹುದಿತ್ತು. ಒಮ್ಮೆ ತಡೆದರು, ಮಾರನೆಯ ದಿನ ಮತ್ತೆ ಹೋದರು. ಪೊಲೀಸರು ಹಿಡಿದು ಗಾಡಿಗೆ ಹತ್ತಿಸಿದರು. ಅಮೆರಿಕ ಸರ್ಕಾರ ಕ್ಷಮೆ ಕೇಳಿತು. ಅದಕ್ಕೆ ನಾಲ್ಕು ವರ್ಷ ಮುಂಚೆ, 1960ರ ಫೆಬ್ರವರಿ ಒಂದರಂದು, ಗ್ರೀನ್ಸ್‌ಬರೊ ಎಂಬ ಊರಿನಲ್ಲಿ ನಾಲ್ಕು ಜನ ಕರಿಯ ವಿದ್ಯಾರ್ಥಿಗಳು ಕಾಫಿ ಕೇಳಿ ಕುಳಿತು, ಕೊಡದಿದ್ದರೂ ಏಳದೆ ಅಂಗಡಿ ಮುಚ್ಚುವವರೆಗೆ ಕುಳಿತಿದ್ದರು. 1964ರ ಜುಲೈಯಲ್ಲಿ ಅಲ್ಲಿ ಕಾನೂನಾಯಿತು. ಒಂದು ಬಟ್ಟಲು ಕಾಫಿಯಿಂದ ಒಂದು ದೇಶದ ಕಾನೂನು ಬದಲಾಗಬಲ್ಲುದು ಎಂದ ಮೇಲೆ, ಹೋಟೆಲನ್ನು ಬರಿಯ ತಿಂಡಿಪೋತರ ವಿಷಯವೆಂದು ಯಾರೂ ತಳ್ಳಿಹಾಕಬೇಕಾಗಿಲ್ಲ.

ಅದು ಅಂದಿನ ಕಥೆ, ಇಂದು ನಮ್ಮಲ್ಲಿ ಹಾಗೇನಿಲ್ಲ ಎನ್ನುವಿರೋ? 2015ರಲ್ಲಿ ಹೊಳೆನರಸೀಪುರ ತಾಲ್ಲೂಕಿನ ಸಿಗರನಹಳ್ಳಿಯಲ್ಲಿ ದಲಿತ ಹೆಂಗಸರು ದೇವಸ್ಥಾನದೊಳಗೆ ಕಾಲಿಟ್ಟರೆಂದು ದಂಡ ಹಾಕಿದರು. 2021ರಲ್ಲಿ ಚನ್ನರಾಯಪಟ್ಟಣ ತಾಲ್ಲೂಕಿನ ದಿಂಡಗೂರಿನಲ್ಲಿ ದಲಿತರು ಊರ ದೇವಸ್ಥಾನಗಳ ಹೊಸಿಲು ದಾಟಲು ಅಧಿಕಾರಿಗಳು ಬಂದು ಜೊತೆಗೆ ನಿಲ್ಲಬೇಕಾಯಿತು. ದೇವರ ಬಾಗಿಲೇ ಹೀಗಿರುವಾಗ ಟೀ ಅಂಗಡಿಯ ಬಾಗಿಲಿನ ಗತಿ ಏನೆಂದು ಊಹಿಸುವುದಕ್ಕೆ ದೊಡ್ಡ ಪಾಂಡಿತ್ಯ ಬೇಡ. ಒಂದು ಮಾತು ಇಲ್ಲಿ ಹೇಳಲೇಬೇಕು. ಹಳ್ಳಿಯ ಟೀ ಅಂಗಡಿಗಳಲ್ಲಿ ಬೇರೆ ಬೇರೆ ಲೋಟ ಇಡುವ ಪದ್ಧತಿಯನ್ನು ತೊಲಗಿಸಿದವರು ನಾವಲ್ಲ, ನೀವಲ್ಲ, ಕಾಗದದ ಲೋಟ! ಕುಡಿದು ಎಸೆದರಾಯಿತು. ಯಾರ ಎಂಜಲನ್ನೂ ಯಾರೂ ತೊಳೆಯಬೇಕಿಲ್ಲ, ಮನಸ್ಸನ್ನಂತೂ ತೊಳೆಯಬೇಕಾಗೇ ಇಲ್ಲ. ಜಾತಿಯ ಮಾನವನ್ನು ಇಷ್ಟು ಅಗ್ಗದಲ್ಲಿ ಉಳಿಸಿದ ವಸ್ತು ಬೇರೊಂದಿಲ್ಲ.

ಬಾಗಿಲು ದಾಟಿ ಹಿತ್ತಿಲಿಗೆ ಬರೋಣ. ನಾನು ಮೇಷ್ಟರ ಕೆಲಸದಲ್ಲಿದ್ದಾಗ ಹಾಜರಿ ಪುಸ್ತಕದಿಂದ ಒಬ್ಬ ಹುಡುಗ ಮಾಯವಾದ. ಗಣಿತದಲ್ಲಿ ಚುರುಕು, ಬಾಯಿಲೆಕ್ಕದಲ್ಲಿ ನನ್ನನ್ನೇ ತಿದ್ದುತ್ತಿದ್ದ. ಮನೆಗೆ ಹೋಗಿ ಕೇಳಿದರೆ, "ಅವರ ಮಾವನ ಊರಿಗೆ ಕಳಿಸಿದೀವಿ ಮೇಷ್ಟ್ರೇ" ಎಂದರು. ಎಂಟು ತಿಂಗಳಾದ ಮೇಲೆ ಬೇರೊಂದು ಪಟ್ಟಣದ ಹೋಟೆಲಿನಲ್ಲಿ ನನ್ನ ಮೇಜು ಒರೆಸಲು ಬಂದವನು ಅವನೇ. ನನ್ನನ್ನು ಕಂಡು ಒದ್ದೆ ಬಟ್ಟೆಯನ್ನು ಬೆನ್ನ ಹಿಂದೆ ಮುಚ್ಚಿಕೊಂಡ. ಬೆರಳ ಸಂದುಗಳು ಸೋಡಾಪುಡಿಗೆ ಬೆಂದು ಬೆಳ್ಳಗಾಗಿದ್ದವು. "ಎಷ್ಟು ಕೊಡ್ತಾರಪ್ಪಾ?" ಎಂದೆ. "ಊಟ ಕೊಡ್ತಾರೆ ಸಾರ್" ಎಂದ. ಆ ಹೋಟೆಲಿನ ಹೆಸರು ಇಲ್ಲಿ ಬೇಡ, ಹೆಸರು ಹೇಳಿದರೆ ಉಳಿದವರೆಲ್ಲ ತಮ್ಮದಲ್ಲವೆಂದು ಸಮಾಧಾನಪಟ್ಟುಕೊಂಡಾರು. ಹೋಟೆಲು, ಡಾಬಾಗಳಲ್ಲಿ ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ದುಡಿಸಕೂಡದೆಂಬ ಆಜ್ಞೆ 2006ರ ಅಕ್ಟೋಬರ್ 10ರಿಂದಲೇ ಇದೆ. ಆಜ್ಞೆ ಹಲಗೆಯ ಮೇಲಿದೆ. ಹುಡುಗ ಹಲಗೆಯ ಕೆಳಗೆ ಮೇಜು ಒರೆಸುತ್ತಾನೆ. ಹಿಂದೆ ಮುಂಬಯಿಗೆ ಹೋದ ಹೋಟೆಲ್ ಮಾಣಿಗಳಿಗೆ ಕನ್ನಡ ರಾತ್ರಿಶಾಲೆಗಳಾದರೂ ಇದ್ದವು. ಹಗಲು ಲೋಟ ತೊಳೆದು ರಾತ್ರಿ ಅಕ್ಷರ ಕಲಿತು ಮುಂದೆ ಬಂದವರು ಎಷ್ಟೋ ಮಂದಿ. ಊರಿನಲ್ಲೇ ಉಳಿದ ನಮ್ಮ ಮಾಣಿಗೆ ಅದೂ ಇಲ್ಲ.

ದೊಡ್ಡವರ ಸ್ಥಿತಿ ಏನು? ಬೆಳಗಿನ ನಾಲ್ಕಕ್ಕೆ ಒಲೆ ಹಚ್ಚುವ ಭಟ್ಟರು, ರಾತ್ರಿ ಹತ್ತಕ್ಕೆ ನೆಲ ಒರೆಸುವ ಕ್ಲೀನರು, ಇವರ ದಿನಕ್ಕೆ ಎಷ್ಟು ಗಂಟೆ? ಅಂಗಡಿ ಹಾಗೂ ವಾಣಿಜ್ಯ ಸಂಸ್ಥೆಗಳ 1961ರ ಕಾನೂನಿನಲ್ಲಿ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ, ವಾರಕ್ಕೊಂದು ರಜೆ ಎಂದು ಬರೆದರು. ಕನಿಷ್ಠ ಕೂಲಿಯ ಕಾನೂನು 1948ರಿಂದ ಇತ್ತು. ಈಗ ಅದನ್ನೂ ಕರಗಿಸಿ 2025ರ ನವೆಂಬರ್ 21ರಿಂದ ನಾಲ್ಕು ಸಂಹಿತೆಗಳ ಕಡಾಯಿಗೆ ಸುರಿದಿದ್ದಾರೆ. ಕಾನೂನು ಯಾವ ಹೆಸರಿನದಾದರೂ ಆಗಲಿ, ಅಡಿಗೆಮನೆಯ ಹೊಗೆಯೊಳಗೆ ಅದು ಇದುವರೆಗೂ ಕಾಲಿಟ್ಟಿಲ್ಲ.

ಈಗ ಹೋಟೆಲಿಟ್ಟಿರುವ ನಮ್ಮ ಸಣ್ಣ ವರ್ತಕ ಬಂಧುಗಳು ಕೆರಳುತ್ತಾರೆಂದು ಬಲ್ಲೆ. "ಮೇಷ್ಟ್ರೇ, ಹಾಲಿನ ಬೆಲೆ ನಿಮಗೆ ಗೊತ್ತೆ? ಗ್ಯಾಸಿನ ಬೆಲೆ ಗೊತ್ತೆ? ನಮಗೇ ಉಳಿಯದಿದ್ದ ಮೇಲೆ ಆಳಿಗೆಲ್ಲಿಂದ ಕೊಡೋಣ?" ಈ ಮಾತನ್ನು ಸುಳ್ಳೆಂದು ನಾನು ಹೇಳುವುದಿಲ್ಲ. 2025ರ ಏಪ್ರಿಲ್ ಒಂದರಿಂದ ನಂದಿನಿ ಹಾಲು ಲೀಟರಿಗೆ ನಾಲ್ಕು ರೂಪಾಯಿ ಏರಿತು. ಹಾಸನದ ಆಲೂಗಡ್ಡೆಯೆಂದರೆ ನಾಡಿಗೆಲ್ಲ ಹೆಸರು. ಆದರೆ ಅಂಗಮಾರಿ ರೋಗ ಬಡಿದು, ಜಲಂಧರದಿಂದ ತರಿಸುವ ಬೀಜದ ಬೆಲೆ ಏರಿ, ನಮ್ಮ ರೈತ ಆ ಬೆಳೆಯನ್ನೇ ಕೈಬಿಡುತ್ತಿರುವಾಗ ದೋಸೆಯ ಪಲ್ಯಕ್ಕೆ ಹೊರಗಿನ ಗಡ್ಡೆ ಬರುತ್ತಿದೆ. ಸಕಲೇಶಪುರ, ಬೇಲೂರು, ಆಲೂರುಗಳಲ್ಲಿ ಕಾಫಿ ಬೆಳೆಯುವ ಜಿಲ್ಲೆಯಿದು. ಆದರೂ ಕಾಫಿಪುಡಿಯ ಬೆಲೆಯನ್ನು ಲಂಡನ್ನು ನ್ಯೂಯಾರ್ಕುಗಳ ಸಟ್ಟಾ ಪೇಟೆ ನಿಶ್ಚಯಿಸುತ್ತದೆ. ಇದರ ಮೇಲೆ 2025ರ ಜುಲೈಯಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಮೊಬೈಲಿನಲ್ಲಿ ಹಣ ಪಡೆದ ಲೆಕ್ಕ ಹಿಡಿದು ಟೀ, ಬೇಕರಿ, ಕಾಂಡಿಮೆಂಟ್ಸ್ ಅಂಗಡಿಗಳವರಿಗೆ ಲಕ್ಷಗಟ್ಟಲೆ ರೂಪಾಯಿಯ ನೋಟೀಸು ಜಾರಿಮಾಡಿತು. ಬೆಂಗಳೂರಿನ ಬೇಕರಿಗಳಲ್ಲಿ ಹಗಲಿರುಳು ದುಡಿಯುವ ನಮ್ಮ ಹಾಸನ, ಚನ್ನರಾಯಪಟ್ಟಣ, ಹೊಳೆನರಸೀಪುರ ಕಡೆಯ ಹುಡುಗರು ಎಷ್ಟು ಮಂದಿ! ಅಂಗಡಿಯವರು ಹಣ ಪಡೆಯುವ ಚಿತ್ರವನ್ನು ಗೋಡೆಯಿಂದ ಕಿತ್ತು, ನಗದು ಮಾತ್ರ ಎಂದು ಚೀಟಿ ಅಂಟಿಸಿ, ಮುಷ್ಕರದ ಮಾತೆತ್ತಿದ ಮೇಲಷ್ಟೇ ಸರ್ಕಾರದ ಕಿವಿ ತೆರೆಯಿತು. ಆ ಹೋರಾಟದಲ್ಲಿ ನಾವು ನಿಮ್ಮ ಜೊತೆಗಿದ್ದೆವು, ಮುಂದೆಯೂ ಇರುತ್ತೇವೆ.

ಆದರೆ ಬಂಧುಗಳೇ, ಹಾಲಿನವನೂ ತೆರಿಗೆಯವನೂ ಕಾಣುವ ನಿಮ್ಮ ಲೆಕ್ಕದ ಪುಸ್ತಕದಲ್ಲಿ ಒಂದು ಸಾಲು ಮಾತ್ರ ಪ್ರಶ್ನೆಯಿಲ್ಲದೆ ಪಾವತಿಯಾಗುತ್ತಿದೆಯಲ್ಲ, ಅದು ಬಾಡಿಗೆ. ಮಳಿಗೆಯ ಹರಾಜಿನಲ್ಲಿ ಮೂವತ್ತು ವರ್ಷ ಹೋಟೆಲು ನಡೆಸಿದವನೂ ನಿನ್ನೆ ಬಡ್ಡಿ ವ್ಯವಹಾರದಲ್ಲಿ ಹಣ ಮಾಡಿದವನೂ ಒಂದೇ ಸಾಲಿನಲ್ಲಿ ನಿಂತು ಕೂಗಬೇಕು. ಯಾರ ಗಂಟಲು ದೊಡ್ಡದೋ ಮಳಿಗೆ ಅವನದು. ಅವನೇನೂ ಇಡ್ಲಿ ಬೇಯಿಸುವುದಿಲ್ಲ. ಎರಡು ಪಟ್ಟು ಬಾಡಿಗೆಗೆ ನಿಮಗೇ ಒಳಬಾಡಿಗೆ ಕೊಡುತ್ತಾನೆ. ಖಾಸಗಿ ಕಟ್ಟಡವಾದರೆ ಅದೂ ಇಲ್ಲ. ಮಾಲೀಕನ ಮಗ ಹಳೆಯ ಮಂಗಳೂರು ಹೆಂಚಿನ ಮಾಡು ಕೆಡವಿ ಮೂರಂತಸ್ತು ಎಬ್ಬಿಸುತ್ತಾನೆ, ಕೆಳಗಿನ ಮಹಡಿಗೆ ಮೊಬೈಲು ಅಂಗಡಿ ಬರುತ್ತದೆ. ಹಳೆಯ ಹೋಟೆಲು ಮುಚ್ಚಿದ್ದು ಜನರ ನಾಲಿಗೆ ಕೆಟ್ಟದ್ದರಿಂದಲ್ಲ. ನೆಲದ ಬೆಲೆ ಇಡ್ಲಿಯ ಬೆಲೆಯನ್ನು ನುಂಗಿದ್ದರಿಂದ.

ಉಳಿದದ್ದನ್ನು ರಸ್ತೆ ನುಂಗಿತು. ಚನ್ನರಾಯಪಟ್ಟಣವನ್ನೇ ನೋಡಿ. ಬೆಂಗಳೂರು-ಹಾಸನ ಹಾದಿಯ ಬಸ್ಸು ಲಾರಿಗಳೆಲ್ಲ ಊರೊಳಗೆ ನುಗ್ಗಿ ಬರುತ್ತಿದ್ದ ಕಾಲದಲ್ಲಿ ಪೇಟೆಯ ಹೋಟೆಲುಗಳಿಗೆ ಹಗಲು ರಾತ್ರಿ ಗಿರಾಕಿ. ಚತುಷ್ಪಥ ಹೆದ್ದಾರಿ ಊರನ್ನು ಹೊರಗಿನಿಂದಲೇ ಬಳಸಿಕೊಂಡು ಹೋಯಿತು. 2017ರ ಮಾರ್ಚಿನಲ್ಲಿ ಹಾಸನ-ಬೆಂಗಳೂರು ನೇರ ರೈಲೂ ಓಡಿತು. ಎರಡೂ ಬೇಕಾದವೇ, ಬೇಡವೆಂದು ಯಾರೂ ಹೇಳುವುದಿಲ್ಲ. ಆದರೆ ಹೆದ್ದಾರಿಯ ಅಂಚಿನಲ್ಲಿ ಎಕರೆಗಟ್ಟಲೆ ಜಾಗ ಹಿಡಿದು, ಕಾರು ನಿಲ್ಲಿಸಲು ಬಯಲು ಮಾಡಿ, ಮಕ್ಕಳಿಗೆ ಉಯ್ಯಾಲೆ ಕಟ್ಟಿ ಹೋಟೆಲು ತೆರೆಯುವ ಶಕ್ತಿ ಪೇಟೆಯ ಯಜಮಾನನಿಗೆಲ್ಲಿಂದ ಬರಬೇಕು? ರಸ್ತೆಗೆ ಭೂಮಿ ಕೊಟ್ಟವನು ಈ ತಾಲ್ಲೂಕಿನ ರೈತ. ಅದರ ಅಂಚಿನ ಕಾಫಿಗೆ ಬೆಲೆ ಕಟ್ಟುವವನು ದೊಡ್ಡ ಬಂಡವಾಳಗಾರ. ಆ ಕಾಫಿಯನ್ನು ಕೊಳ್ಳುವ ಶಕ್ತಿ ಇಲ್ಲದ ಲಾರಿ ಕ್ಲೀನರು ಎರಡು ಮೈಲಿ ಮುಂದೆ ಹೋಗಿ ತಳ್ಳುಗಾಡಿಯ ಮುಂದೆ ನಿಲ್ಲುತ್ತಾನೆ. ಕೂರಲು ಬೆಂಚಿಲ್ಲ.

ಇನ್ನು ಮನೆಗೇ ತಿಂಡಿ ತಲುಪಿಸುವ ಸ್ವಿಗ್ಗಿ, ಜೊಮ್ಯಾಟೊ ಕಂಪನಿಗಳು. ಒಲೆ ನಿಮ್ಮದು, ಅಕ್ಕಿ ನಿಮ್ಮದು, ಮಳೆಯಲ್ಲಿ ಸೈಕಲ್ ಮೋಟಾರು ಓಡಿಸಿ ಬೀಳುವವನು ನಮ್ಮ ಹುಡುಗ. ನಡುವೆ ನಿಂತು ಪ್ರತಿ ಊಟದಲ್ಲೂ ತುತ್ತು ಕಿತ್ತುಕೊಳ್ಳುವವರು ಅವರು. ಈ ಕಮಿಷನ್ನಿನ ವಿರುದ್ಧ ದೊಡ್ಡ ದೊಡ್ಡ ಹೋಟೆಲಿನವರ ಸಂಘವೇ 2021ರಲ್ಲಿ ಸ್ಪರ್ಧಾ ಆಯೋಗಕ್ಕೆ ದೂರು ಕೊಟ್ಟಿತು, 2022ರಲ್ಲಿ ತನಿಖೆಗೆ ಆಜ್ಞೆಯಾಯಿತು. ದೊಡ್ಡವರೇ ಅಳುತ್ತಿರುವಾಗ ಅರಕಲಗೂಡಿನ ಐದು ಮೇಜಿನ ಹೋಟೆಲು ಯಾರ ಮುಂದೆ ಅಳಬೇಕು?

ಹೀಗಿರುವಾಗ ಸಣ್ಣ ಹೋಟೆಲಿನ ಯಜಮಾನ ಮೇಲಿನವರನ್ನು ಎದುರಿಸಲಾರದೆ ಕೆಳಗಿನವನನ್ನು ಹಿಂಡುತ್ತಾನೆ. ಬಾಡಿಗೆಯವನಿಗೆ ಕೈ ಮುಗಿದು, ಮಾಣಿಯ ರಜೆ ಕತ್ತರಿಸುತ್ತಾನೆ. ಇದರಿಂದ ಅವನ ಹೋಟೆಲು ಉಳಿಯಿತೇ? ಉಳಿಯಲಿಲ್ಲ. ಮಾಣಿ ಬೆಂಗಳೂರಿಗೆ ಓಡಿದ, ಭಟ್ಟರ ಮಗ ಬೇರೆ ಕೆಲಸ ಹಿಡಿದ, ಈಗ ಕೆಲಸಕ್ಕೆ ಜನ ಸಿಗುವುದಿಲ್ಲವೆಂದು ಯಜಮಾನನೇ ಬಾಗಿಲೆಳೆಯುತ್ತಿದ್ದಾನೆ. ದೂರದ ಒಡಿಶಾ, ಬಂಗಾಳ, ಅಸ್ಸಾಮಿನಿಂದ ಬಂದ ಹುಡುಗರು ಲೋಟ ಎತ್ತುತ್ತಿದ್ದಾರೆ. ಅವರಿಗೂ ಹಿತ್ತಿಲ ಮೂಲೆಯೇ ಹಾಸಿಗೆ. ಅವರ ಮೇಲೆ ಕೋಪಿಸಿಕೊಳ್ಳುವ ನಮ್ಮ ಕೆಲವು ಮಿತ್ರರಿಗೆ ಒಂದು ಮಾತು: 1923ರ ನೆರೆಯಲ್ಲಿ ಘಟ್ಟ ಹತ್ತಿ ಬಂದ ಹುಡುಗನೂ ಹೀಗೆಯೇ ಹೊರಗಿನವನಾಗಿದ್ದ.

ತುರ್ತು ಪರಿಸ್ಥಿತಿಯ ಕಾಲದಲ್ಲಿ ಸರ್ಕಾರ ತಿಂಡಿಗಳ ಬೆಲೆಯನ್ನು ಇಳಿಸೆಂದಾಗ ಎಂ.ಟಿ.ಆರ್.ನವರು ಅದೇ ಗುಣಮಟ್ಟದಲ್ಲಿ ಮಾರಿ, ಆ ದಿನದ ನಷ್ಟ ಎಷ್ಟೆಂಬುದನ್ನು ಹಲಗೆಯಲ್ಲಿ ಬರೆದು ಬಾಗಿಲಿಗೆ ಹಾಕಿದರೆಂದು ಪ್ರಸಿದ್ಧಿ. ತುರ್ತು ಪರಿಸ್ಥಿತಿಯನ್ನು ನಾವು ಜೈಲಿನಿಂದ ಎದುರಿಸಿದವರ ಪರಂಪರೆಯವರು; ಆದರೂ ಈ ಉಪಾಯ ಮೆಚ್ಚತಕ್ಕದ್ದೇ. ನಮ್ಮ ನಾಲ್ಕು ಊರುಗಳ ಹೋಟೆಲಿನವರೂ ತಿಂಡಿ ಪಟ್ಟಿಯ ಪಕ್ಕದಲ್ಲಿ ಇನ್ನೊಂದು ಹಲಗೆ ಹಾಕಲಿ: ಕಾಫಿಯ ಬೆಲೆ ಇಷ್ಟು, ಅದರಲ್ಲಿ ಹಾಲಿಗಿಷ್ಟು, ಗ್ಯಾಸಿಗಿಷ್ಟು, ಬಾಡಿಗೆಗಿಷ್ಟು, ಕೆಲಸಗಾರನಿಗಿಷ್ಟು. ಗಿರಾಕಿಗೆ ಅರ್ಧ ಗಂಟೆಯಲ್ಲಿ ಅರ್ಥಶಾಸ್ತ್ರ ತಿಳಿದೀತು. ಕೊನೆಯ ಸಾಲನ್ನು ಬರೆಯಲು ನಾಚಿಕೆಯಾಗದಿರುವ ಯಜಮಾನರೆಲ್ಲ ಮೊದಲು ಮುಂದೆ ಬರಲಿ.

ಸರ್ಕಾರ ಹೋಟೆಲು ನಡೆಸಬಾರದೆಂಬ ಪಂಡಿತರಿದ್ದಾರೆ. ಕೇಂದ್ರ ಸರ್ಕಾರಕ್ಕೆ ನಮ್ಮ ಹಾಸನದಲ್ಲೇ ಅಶೋಕ ಎಂಬ ಹೋಟೆಲೊಂದಿತ್ತು. ಬೇಲೂರು ಹಳೇಬೀಡು ನೋಡಲು ಬರುವ ಪ್ರವಾಸಿಗರಿಗಾಗಿ ಜನರ ಹಣದಲ್ಲಿ ಕಟ್ಟಿದ್ದು. ಖಾಸಗೀಕರಣದ ಭರದಲ್ಲಿ 2002ರ ಸುಮಾರಿಗೆ ಅದನ್ನು ಎರಡೂವರೆ ಕೋಟಿಗೂ ಕಡಿಮೆ ಹಣಕ್ಕೆ ಖಾಸಗಿಯವರಿಗೆ ಮಾರಿದರು. ಆ ಹೋಟೆಲಿನಲ್ಲಿ ನಮ್ಮ ಗಿರಣಿ ಕಾರ್ಮಿಕ ಊಟ ಮಾಡುತ್ತಿದ್ದನೆಂದು ನಾನು ಹೇಳಲಾರೆ. ಆದರೆ ಜನರ ಆಸ್ತಿಯನ್ನು ಮಾರುವಾಗ ಜನರನ್ನು ಕೇಳಲಿಲ್ಲವೆಂಬುದು ನಿಜ. 2017ರಲ್ಲಿ ರಾಜ್ಯ ಸರ್ಕಾರ ಇಂದಿರಾ ಕ್ಯಾಂಟೀನು ತೆರೆದು ಐದು ರೂಪಾಯಿಗೆ ತಿಂಡಿ, ಹತ್ತು ರೂಪಾಯಿಗೆ ಊಟ ಕೊಟ್ಟಿತು. ಒಳ್ಳೆಯ ಕೆಲಸ, ಹಸಿದವನ ಮುಂದೆ ಪಕ್ಷಭೇದ ಆಡಬಾರದು. ಆದರೆ ಅಡಿಗೆಯನ್ನು ಗುತ್ತಿಗೆದಾರರಿಗೆ ವಹಿಸಿದರು. ಗುತ್ತಿಗೆಯ ಬಿಲ್ಲು ಬಾಕಿಯಾದ ದಿನ ಬಡವನ ತಟ್ಟೆಯೂ ಬಾಕಿಯಾಗುತ್ತದೆ, ಬಡಿಸುವವನ ಸಂಬಳವೂ ಬಾಕಿಯಾಗುತ್ತದೆ.

ಬೇರೆ ದಾರಿ ಉಂಟು, ಅದು ಈ ಕಾಫಿಯ ನಾಡಿನಲ್ಲೇ ಹುಟ್ಟಿದ್ದು. ಐವತ್ತರ ದಶಕದಲ್ಲಿ ಕಾಫಿ ಮಂಡಲಿ ತನ್ನ ಇಂಡಿಯಾ ಕಾಫಿ ಹೌಸುಗಳನ್ನು ಮುಚ್ಚಿ ಕೆಲಸಗಾರರನ್ನು ಬೀದಿಗೆ ಹಾಕಹೊರಟಾಗ, ಎ.ಕೆ. ಗೋಪಾಲನ್ ಮುಂದಾಳುತನದಲ್ಲಿ ಕೆಲಸಗಾರರು ಅವನ್ನು ತಾವೇ ನಡೆಸುವುದಾಗಿ ಹೇಳಿದರು. 1957ರ ಆಗಸ್ಟ್ 19ರಂದು ಮೊದಲ ಸಹಕಾರ ಸಂಘ ಸ್ಥಾಪನೆಯಾದದ್ದು ಬೆಂಗಳೂರಿನಲ್ಲಿ. ಅದೇ ಅಕ್ಟೋಬರಿನಲ್ಲಿ ದೆಹಲಿಯಲ್ಲಿ ಅವರ ಹೋಟೆಲು ತೆರೆಯಿತು. ಬಡಿಸುವವನೇ ಸದಸ್ಯ, ಸದಸ್ಯನೇ ಯಜಮಾನ. ಗೋಪಾಲನ್ ಕಮ್ಯುನಿಸ್ಟರು, ನಮಗೂ ಅವರಿಗೂ ನೂರು ಜಗಳ. ಒಳ್ಳೆಯ ಕೆಲಸವನ್ನು ಒಳ್ಳೆಯದೆನ್ನಲು ಅದು ಅಡ್ಡಿಯಿಲ್ಲ. ಆದರೆ ಒಂದು ಎಚ್ಚರಿಕೆಯನ್ನೂ ಕಲಿಯಬೇಕು. ಬೆಂಗಳೂರಿನ ಮಹಾತ್ಮಾ ಗಾಂಧಿ ರಸ್ತೆಯಲ್ಲಿ ಅರ್ಧ ಶತಮಾನ ನಡೆದ ಕಾಫಿ ಹೌಸು 2009ರಲ್ಲಿ ಜಾಗ ಬಿಟ್ಟು ಚರ್ಚ್ ಸ್ಟ್ರೀಟಿಗೆ ಹೋಗಬೇಕಾಯಿತು. ಕಾಫಿ ಕೆಟ್ಟಿರಲಿಲ್ಲ, ಗಿರಾಕಿ ಕಡಿಮೆಯಾಗಿರಲಿಲ್ಲ, ಕಟ್ಟಡ ಅವರದಾಗಿರಲಿಲ್ಲ. ನೆಲ ಕೈಯಲ್ಲಿಲ್ಲದಿದ್ದರೆ ಸಹಕಾರವೂ ಬಾಡಿಗೆದಾರನೇ.

ಆದಕಾರಣ ನಾವು ಕೇಳುತ್ತಿರುವುದು ಭಿಕ್ಷೆಯಲ್ಲ, ಜಾಗ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಈ ನಾಲ್ಕು ಊರುಗಳ ಬಸ್ ನಿಲ್ದಾಣದ ಬಳಿ ಹಾಗೂ ಹಾಸನದ ಕೈಗಾರಿಕಾ ಪ್ರದೇಶದಲ್ಲಿ ಒಂದೊಂದು ಸಾರ್ವಜನಿಕ ಮಳಿಗೆಯನ್ನು ಹರಾಜಿಗಿಡದೆ, ಹೋಟೆಲ್ ಕೆಲಸಗಾರರ ಸಹಕಾರ ಸಂಘಕ್ಕೆ ನಿಗದಿಯಾದ ಬಾಡಿಗೆಯಲ್ಲಿ ದೀರ್ಘಾವಧಿಗೆ ಕೊಡಬೇಕು. ಹಳೆಯ ಹೋಟೆಲು ನಡೆಸುತ್ತಿರುವವನಿಗೆ ಅವನ ಮಳಿಗೆಯನ್ನು ಉಳಿಸಿಕೊಡಬೇಕು. ಆದರೆ ಮೂರು ಕರಾರಿನ ಮೇಲೆ. ಹದಿನಾಲ್ಕರೊಳಗಿನ ಹುಡುಗ ಅಲ್ಲಿರಕೂಡದು. ವಾರದ ರಜೆ ಮತ್ತು ನ್ಯಾಯವಾದ ಕೂಲಿ ಪುಸ್ತಕದಲ್ಲಿ ಬರೆದಿರಬೇಕು. ಯಾವ ಕೇರಿಯಿಂದ ಬಂದವನಾದರೂ ಅದೇ ಬೆಂಚಿನ ಮೇಲೆ ಕೂತು ಅದೇ ತೊಳೆದ ಲೋಟದಲ್ಲಿ ಕುಡಿಯಬೇಕು.

ಈ ಬೇಡಿಕೆಗಳ ಮನವಿಯನ್ನು ಅಚ್ಚು ಹಾಕಿಸಿ ನಮ್ಮ ಪಕ್ಷದ ಕಾರ್ಯಾಲಯದಲ್ಲಿ ಇಟ್ಟಿದೆ. ಹಗಲು ಪಾಳಿಯವರು ಸಂಜೆ, ರಾತ್ರಿ ಪಾಳಿಯವರು ಬೆಳಗ್ಗೆ ಬಂದು ಸಹಿ ಹಾಕಬಹುದು. ಹೋಟೆಲಿನ ಯಜಮಾನರೂ ಬರಬಹುದು, ಬರುವಾಗ ತಮ್ಮ ಕ್ಲೀನರನ್ನೂ ಜೊತೆಗೆ ಕರೆತರಲಿ. ಸಹಿ ಬಾರದವರ ಹೆಬ್ಬೆಟ್ಟಿಗೆ ಮಸಿಯೂ, ಸಹಿ ಕಲಿಯಬೇಕೆನ್ನುವವರಿಗೆ ಹಲಗೆ ಬಳಪವೂ ಅಲ್ಲಿ ಉಂಟು.